ಗೇಟು ತೆಗೆದು ಮುಂದೆ ಹೋಗಿ, ಹೊಳೆ ಅಲ್ಲೇ ಇದೆ

ಇಂಗ್ಲೆಂಡಿನ ರೀಡಿಂಗ್, ಸ್ಲೌ ಕಡೆ ಹೊಸದಾಗಿ ಬಂದ ನಮ್ಮವರು ಮನೆಗೆ ಊಟಕ್ಕೆ ಬಂದಾಗ, ಶನಿವಾರ ಭಾನುವಾರ ಏನು ಮಾಡುತ್ತೀರಿ ಅಂತ ಕೇಳುತ್ತೇನೆ. ಲಂಡನ್, ಶಾಪಿಂಗ್, ಇಲ್ಲ ಅಂದರೆ ಮನೆಯಲ್ಲೇ ಅನ್ನುತ್ತಾರೆ. ಥೇಮ್ಸ್ ಹೊಳೆ ಅವರ ಮನೆಯಿಂದ ಎಷ್ಟೋ ಸಲ ಎರಡು ಮೈಲಿಯೂ ದೂರ ಇರುವುದಿಲ್ಲ. ಟ್ರೈನ್ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಅದರ ದಂಡೆಗೆ ಹೋಗಿರುವುದಿಲ್ಲ. ನನಗೆ ಈ ದೇಶ ಒಗ್ಗಿದ್ದೇ ಈ ದಂಡೆಗಳಲ್ಲಿ ನಡೆದು ನಡೆದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹೆದರಿಕೆ ಬಿಡಬೇಕು. ನಾವು ಬಂದ ಮೊದಲ ವರ್ಷ ಒಂದು ದಾರಿ ಹಿಡಿದು ಹೋದಾಗ ಎದುರಿಗೆ ಮರದ ಗೇಟು ಬಂತು, ಅದರಾಚೆ ಹುಲ್ಲಿನ ಬಯಲು, ಬಯಲಲ್ಲಿ ದನಗಳು, ಬಯಲಿನ ಕೊನೆಗೆ ಹೊಳೆ. ಯಾರದೋ ಜಮೀನು, ಕೇಳದೆ ಹೇಗೆ ಹೋಗುವುದು ಅಂತ ನಾನೂ ನನ್ನ ಹೆಂಡತಿಯೂ ಸುಮ್ನೆ ನಿಂತುಬಿಟ್ಟೆವು. ಆಗ ನಾಯಿ ಹಿಡಿದುಕೊಂಡು ಆ ಕಡೆಯಿಂದ ಬಂದ ಅಜ್ಜ ಒಬ್ಬರು ಗೇಟು ತೆರೆದು ಹಿಡಿದು, ಕಂಬದ ಮೇಲಿದ್ದ ಸಣ್ಣ ಹಳದಿ ಬಾಣದ ಗುರುತು ತೋರಿಸಿದರು. ಹಳದಿ ಬಾಣ ಇದ್ದರೆ ಅದು ಎಲ್ಲರೂ ನಡೆಯುವ ದಾರಿ. ಜಮೀನು ಯಾರದೇ ಆಗಲಿ, ಆ ದಾರಿಯಲ್ಲಿ ನಡೆಯುವ ಹಕ್ಕು ನಿಮಗೆ ಕಾನೂನಿನಲ್ಲೇ ಇದೆ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್‌ನವರೂ ಬರುತ್ತಾರೆ. ದಾರಿ ಬಿಟ್ಟು ಬೆಳೆಯೊಳಗೆ ಹೋಗಬೇಡಿ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಅಷ್ಟೇ. ಕೆಲವು ಕಡೆ ಗೇಟಿನ ಬದಲು ಬೇಲಿ ಹತ್ತಿ ಇಳಿಯಲು ಹಲಗೆಯ ಮೆಟ್ಟಿಲು ಇರುತ್ತದೆ, ಸ್ಟೈಲ್ ಅನ್ನುತ್ತಾರೆ. ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ತಡಮೆಯೇ ಅದು.

ದಾರಿ ಹುಡುಕಲು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯವರ ಎಕ್ಸ್‌ಪ್ಲೋರರ್ ಮ್ಯಾಪ್ ಕೊಳ್ಳಿ. ಕಿತ್ತಳೆ ಬಣ್ಣದ ರಟ್ಟು ಇರುತ್ತದೆ. ಅದರಲ್ಲಿ ಎಲ್ಲರಿಗೂ ಹಕ್ಕಿರುವ ದಾರಿಗಳು ಹಸಿರು ಗೆರೆತುಂಡುಗಳಾಗಿ ಕಾಣುತ್ತವೆ. ಹಸಿರು ಗೆರೆ ಹೊಳೆಯ ನೀಲಿ ಗೆರೆಯ ಪಕ್ಕಪಕ್ಕಕ್ಕೇ ಹೋಗುವ ಜಾಗ ಹುಡುಕಿ. ನಿಮ್ಮ ಮನೆ ಹತ್ತಿರ ಅಂಥದ್ದು ಒಂದಾದರೂ ಸಿಕ್ಕೇ ಸಿಗುತ್ತದೆ.

ಎಲ್ಲಿಂದ ಶುರು ಮಾಡುವುದು ಅಂದರೆ, ನಾನು ಗೋರಿಂಗ್‌ನಿಂದ ಪ್ಯಾಂಗ್‌ಬೋರ್ನ್‌ವರೆಗೆ ಅನ್ನುತ್ತೇನೆ. ಸುಮಾರು ನಾಲ್ಕು ಮೈಲಿ. ರೀಡಿಂಗ್‌ನಿಂದ ಟ್ರೈನ್ ಹತ್ತಿ ಗೋರಿಂಗ್‌ನಲ್ಲಿ ಇಳಿಯಿರಿ, ನಡೆದು ಪ್ಯಾಂಗ್‌ಬೋರ್ನ್ ಸೇರಿ, ಅಲ್ಲಿಂದ ಅದೇ ಲೈನಿನ ಟ್ರೈನ್‌ನಲ್ಲಿ ವಾಪಸ್ ಬನ್ನಿ. ಕಾರು ನಿಲ್ಲಿಸಿದ ಜಾಗಕ್ಕೇ ಮರಳುವ ತಾಪತ್ರಯ ಇಲ್ಲ. ಇದು ಥೇಮ್ಸ್ ಪಾತ್ ಅನ್ನುವ, ಹೊಳೆಗುಂಟ ಹೋಗುವ ಕಾಲುದಾರಿಯ ಒಂದು ತುಂಡು. ಇಡೀ ದಾರಿ 180 ಮೈಲಿಗೂ ಜಾಸ್ತಿ, ಕೆಂಬಲ್ ಹತ್ತಿರ ಹೊಳೆ ಹುಟ್ಟುವ ಹುಲ್ಲುಗಾವಲಿನಿಂದ ಲಂಡನ್ ದಾಟುವವರೆಗೆ. 2015ರ ನವೆಂಬರ್‌ನಲ್ಲಿ ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದರ ಮುಂದೆ ಹರಿಯುವುದೂ ಇದೇ ನೀರು.

ಗೋರಿಂಗ್‌ನಲ್ಲಿ ಸೇತುವೆ ಪಕ್ಕದ ಲಾಕ್ ಹತ್ತಿರ ಅರ್ಧ ಗಂಟೆ ನಿಲ್ಲಿ, ಮಕ್ಕಳಿದ್ದರಂತೂ ಖಂಡಿತ ನಿಲ್ಲಿ. ಹೊಳೆಯ ಮಟ್ಟ ಅಲ್ಲಿ ಮೆಟ್ಟಿಲಿನ ಹಾಗೆ ಇಳಿಯುತ್ತದೆ, ದೋಣಿಯನ್ನು ಆ ಮೆಟ್ಟಿಲು ಇಳಿಸುವ ತೊಟ್ಟಿಯೇ ಲಾಕ್. ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ತೂಬು ತೆಗೆಯುತ್ತಾರೆ, ನೀರು ಸದ್ದಿಲ್ಲದೆ ತಗ್ಗುತ್ತದೆ. ಈಗ ತಾನೇ ನಿಮ್ಮ ಕಣ್ಣಿನ ಮಟ್ಟಕ್ಕೆ ಕೂತಿದ್ದವರು ನೋಡುತ್ತಿದ್ದ ಹಾಗೇ ಕೆಳಗಿಳಿದು ತಲೆಯೆತ್ತಿ ನಿಮಗೆ ಕೈಬೀಸುತ್ತಾರೆ. ಗೋಡೆಯ ಮೇಲೆ ಹಸಿರು ಪಾಚಿಯ ಗೆರೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಇಂಥ ಲಾಕ್‌ಗಳು ಥೇಮ್ಸ್ ಮೇಲೆ 40ಕ್ಕೂ ಹೆಚ್ಚಿವೆ, ನನಗೆ ಇನ್ನೂ ಬೇಸರ ಬಂದಿಲ್ಲ.

ಅಲ್ಲಿಂದ ಮುಂದೆ ರೈಲಿನ ಇಟ್ಟಿಗೆ ಸೇತುವೆಯ ಕೆಳಗೆ ಹಾದು, ಹಾರ್ಟ್ಸ್‌ಲಾಕ್ ಕಾಡಿನೊಳಗೆ ಸ್ವಲ್ಪ ಏರಿ, ವಿಚ್‌ಚರ್ಚ್ ಹಳ್ಳಿಗೆ ಬರುತ್ತೀರಿ. ಅಲ್ಲಿನ ಸೇತುವೆಗೆ ಕಾರಿನವರು ಸುಂಕ ಕಟ್ಟಬೇಕು, ನಡೆಯುವವರಿಗೆ ಇಲ್ಲ. ಸೇತುವೆ ದಾಟಿದರೆ ಪ್ಯಾಂಗ್‌ಬೋರ್ನ್. ಅಲ್ಲಿ ಪ್ಯಾಂಗ್ ಅನ್ನುವ ಸಣ್ಣ ಹೊಳೆ ಬಂದು ಥೇಮ್ಸ್ ಸೇರುತ್ತದೆ. ದಯವಿಟ್ಟು ಅದನ್ನು ನೋಡದೆ ಟ್ರೈನ್ ಹತ್ತಬೇಡಿ. ಈ ಕಡೆಯ ಗುಡ್ಡಗಳು ಸೀಮೆಸುಣ್ಣದ ಕಲ್ಲಿನವು. ಮಳೆ ನೀರು ಆ ಕಲ್ಲಿನೊಳಗೆ ಇಂಗಿ, ಸೋಸಿ, ಬುಗ್ಗೆಯಾಗಿ ಹೊರಬರುತ್ತದೆ. ಅದಕ್ಕೇ ನೀರು ಅಷ್ಟು ತಿಳಿ, ತಳದ ಕಲ್ಲುಗಳು ಕಾಣುವಷ್ಟು. ಇಂಥ ಹೊಳೆಗಳು ಜಗತ್ತಿನಲ್ಲೇ ಕಡಿಮೆ, ಇರುವುದರಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಇವೆ. ನಿಮ್ಮ ಮನೆ ಹತ್ತಿರದ್ದೂ ಒಂದು ಇರಬಹುದು, ವಿಚಾರಿಸಿ.

ಈಗ ನೀರಿಗೆ ಇಳಿಯುವ ಮಾತು. ತುಂಗೆಯಲ್ಲಿ ಈಜು ಕಲಿತವನು ನಾನು, ಈಜು ಬರುತ್ತೆ ಅನ್ನುವ ಧೈರ್ಯ ಇತ್ತು. ಒಂದು ಜೂನ್‌ನಲ್ಲಿ, ಬಿಸಿಲು ಚೆನ್ನಾಗಿದ್ದ ದಿನ, ದಂಡೆಯಿಂದ ಹಾರಿದೆ. ಎದೆ ಬಿಗಿದು ಉಸಿರೇ ಎಳೆದುಕೊಂಡ ಹಾಗಾಯಿತು, ಕೈಕಾಲು ಆಡಿಸಲು ಆಗಲಿಲ್ಲ. ಜೊತೆಗಿದ್ದ ಗೆಳೆಯ ಅಂಗಿ ಹಿಡಿದು ಎಳೆದುಕೊಂಡ. ಇಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಆ ಥಂಡಿಯ ಹೊಡೆತಕ್ಕೆ ಚೆನ್ನಾಗಿ ಈಜುವವರೂ ಹೋಗಿಬಿಡುತ್ತಾರೆ. ಅಕಸ್ಮಾತ್ ಬಿದ್ದರೆ ಈಜಲು ಒದ್ದಾಡಬೇಡಿ. ಅಂಗಾತ ತೇಲಿ, ಕಿವಿ ನೀರೊಳಗಿರಲಿ, ಒಂದೆರಡು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಆಮೇಲೆ ಕೂಗಿ. ಬೇರೆಯವರು ಬಿದ್ದರೆ ನೀವು ಹಾರಬೇಡಿ, 999ಕ್ಕೆ ಫೋನ್ ಮಾಡಿ ಫೈರ್ ಸರ್ವೀಸ್ ಕೇಳಿ. ದಂಡೆಯಲ್ಲಿ ತೇಲುವ ಬಳೆ ಇದ್ದರೆ ಎಸೆಯಿರಿ. ನೀರು ಧುಮುಕುವ ಕಟ್ಟೆಗಳ ಹತ್ತಿರ, ಇಲ್ಲಿ ವಿಯರ್ ಅನ್ನುತ್ತಾರಲ್ಲ, ಅಲ್ಲಿಗೆ ಮಕ್ಕಳನ್ನು ಬಿಡಲೇಬೇಡಿ. ಜೋರು ಮಳೆ ಬಂದ ಮೇಲೆ ಚರಂಡಿ ನೀರು ಹೊಳೆಗೆ ಸೇರುವುದುಂಟು, ಆಗ ಕಾಲು ಕೂಡ ಅದ್ದಬೇಡಿ. ಇಲಿ ಜ್ವರ ಇಲ್ಲೂ ಇದೆ.

ಕೆರೆ, ಕೊಳಗಳದ್ದು ಇನ್ನೊಂದು ಎಚ್ಚರಿಕೆ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ ಅದು ವಿಷದ ಪಾಚಿ ಇರಬಹುದು, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ಸಣ್ಣ ಕೊಳಗಳನ್ನು ಬಗ್ಗಿ ನೋಡಿ, ನೆನೆಸಿದ ಸಬ್ಬಕ್ಕಿಯ ಹಾಗೆ ಕಪ್ಪೆ ಮೊಟ್ಟೆಗಳ ಗೊಂಚಲು ತೇಲುತ್ತಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ವಿನ್ನರ್ಶ್ ಹತ್ತಿರದ ಡಿಂಟನ್ ಪಾಸ್ಚರ್ಸ್ ಒಳ್ಳೆಯದು. ಹಿಂದೆ ಜಲ್ಲಿ ತೆಗೆದ ಗುಂಡಿಗಳೇ ಈಗ ಕೆರೆಗಳಾಗಿವೆ. ಹಂಸಗಳಿಗೆ ಬೂಸ್ಲು ಬ್ರೆಡ್ ಹಾಕಬೇಡಿ, ಬಟಾಣಿ ಅಥವಾ ಸೊಪ್ಪು ಹಾಕಿ. ಗಣೇಶನನ್ನು ಊರ ಕೆರೆಯಲ್ಲಿ ಬಿಡೋಣ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಮಣ್ಣಿನ ಗಣೇಶ ತಂದು ಮನೆಯಲ್ಲೇ ಬಕೆಟ್‌ನಲ್ಲಿ ಬಿಡಿ, ಆ ನೀರನ್ನು ಗಿಡಕ್ಕೆ ಹಾಕಿ.

ದಂಡೆಯಲ್ಲಿ ನಮ್ಮ ತುರುಚೆ ಗಿಡದ ಹಾಗೇ ಉರಿಸುವ ಗಿಡ ಬೇಕಾದಷ್ಟಿದೆ, ಉದ್ದ ಪ್ಯಾಂಟ್ ಹಾಕಿ. ಉದ್ದ ಹುಲ್ಲಿನಲ್ಲಿ ನಡೆದು ಬಂದ ಸಂಜೆ ಮಂಡಿಯ ಹಿಂದೆ, ತೊಡೆ ಸಂದಿಯಲ್ಲಿ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಶಿವಮೊಗ್ಗ ಕಡೆ ಉಣುಗಿನಿಂದ ಮಂಗನ ಕಾಯಿಲೆ, ಇಲ್ಲಿ ಲೈಮ್ ಕಾಯಿಲೆ. ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಕರು ಜೊತೆಗಿರುವ ಹಸುಗಳಿಂದ ದೂರ ಸುತ್ತಿಕೊಂಡು ಹೋಗಿ, ನಡುವೆ ನುಗ್ಗಬೇಡಿ.

ಆಗಸ್ಟ್‌ನಲ್ಲಿ ಆಳೆತ್ತರದ, ಗುಲಾಬಿ ಬಣ್ಣದ ಹೂವಿನ ಗಿಡ ದಂಡೆಗುಂಟ ಕಾಣುತ್ತದೆ. ನನ್ನ ಹೆಂಡತಿ ಮೊದಲ ಸಲ ನೋಡಿದಾಗ, ರೀ, ಗೌರಿ ಹೂವು ಕಣ್ರೀ ಅಂದಳು. ಅದೇ ಜಾತಿಯದು, ಹಿಮಾಲಯದ ಕಡೆಯಿಂದ 1839ರಲ್ಲಿ ತೋಟಕ್ಕೆಂದು ತಂದದ್ದು. ಬಲಿತ ಕಾಯಿ ಮುಟ್ಟಿದರೆ ಪಟ್ ಅಂತ ಸುರುಳಿ ಸುತ್ತಿಕೊಂಡು ಬೀಜ ಸಿಡಿಯುತ್ತದೆ, ಮಕ್ಕಳಿಗೆ ಬಹಳ ಖುಷಿ. ಆದರೆ ಅದು ಇಲ್ಲಿನ ದಂಡೆಯ ಗಿಡಗಳನ್ನೆಲ್ಲ ಮುಚ್ಚಿಹಾಕುತ್ತಿದೆ, ಬೀಜ ಹರಡಿದಷ್ಟೂ ಕಷ್ಟ, ಅದಕ್ಕೇ ಕಾಯಿ ಮುಟ್ಟದಿರುವುದೇ ಒಳ್ಳೆಯದು.

ಬುತ್ತಿಗೆ ಚಪಾತಿ ಪಲ್ಯ ಸುತ್ತಿಕೊಳ್ಳಿ, ಫ್ಲಾಸ್ಕ್‌ನಲ್ಲಿ ಟೀ ಇರಲಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕೆಸರು, ರಬ್ಬರ್ ಬೂಟು ಬೇಕು, ಬಿಚ್ಚಿದ ಮೇಲೆ ಹಾಕಿಡಲು ಒಂದು ಪ್ಲಾಸ್ಟಿಕ್ ಚೀಲವೂ ಬೇಕು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತದೆ, ಆಗ ಬೆಳಗ್ಗೆಯೇ ಹೊರಡಿ. ಹೊರಡುವ ಮುಂಚೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಪ್ರವಾಹದ ಸೂಚನೆ ಇದೆಯೇ ನೋಡಿ. ಮತ್ತೆ ಭಾನುವಾರ ಹಳಿ ರಿಪೇರಿಗೆ ಅಂತ ಟ್ರೈನ್ ನಿಲ್ಲಿಸಿ ಬಸ್ ಬಿಡುವುದುಂಟು, ಹಿಂದಿನ ರಾತ್ರಿಯೇ ನೋಡಿಕೊಂಡರೆ ಪ್ಯಾಂಗ್‌ಬೋರ್ನ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಯುವುದು ತಪ್ಪುತ್ತದೆ.