ಬದುವಿನ ಹಳದಿ ಹೂವು ಮತ್ತು ಒಂದು ಕೈಮಸೂರ

ರಾಯಚೂರಿನಲ್ಲಿ ಪದವಿ ತರಗತಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಟಾಣಿ ಗಿಡಗಳಿಂದ ಅನುವಂಶೀಯತೆಯ ಲೆಕ್ಕ ಕಂಡುಕೊಂಡ ಮೆಂಡೆಲ್ ಪಾಠ ಬಂದಾಗ ಹಾಕ್‌ವೀಡ್ ಎಂಬ ರೋಮಭರಿತ ಹಳದಿ ಹೂವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ತಂಪು ನಾಡಿನ ಆ ಗಿಡ ನಮ್ಮ ಎರೆಹೊಲದಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ಅದರ ದಾಯಾದಿಗಳಾದ ಕಾಲುವೆ ದಂಡೆಯ ಸೋಂಕಸ್, ಬದುವಿನ ಲೌನಿಯಾ ಹಿಡಿದು ಕೂರುತ್ತೇನೆ.

ಬಿಸಿಲೇರುವ ಮುನ್ನ ಹೊಲಕ್ಕೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಇವು ಮುಚ್ಚಿಕೊಂಡುಬಿಡುತ್ತವೆ. ಕಾಂಡ ಮುರಿದರೆ ಹಾಲು ಒಸರುತ್ತದೆ. ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮಸೂರ ಹಿಡಿಯಿರಿ: ಎಸಳು ಎಂದುಕೊಂಡದ್ದೆಲ್ಲ ಒಂದೊಂದು ಪೂರ್ಣ ಹೂವು, ತುದಿಯಲ್ಲಿ ಐದು ಹಲ್ಲು. ಹಾಕ್‌ವೀಡ್‌ನ ರಚನೆಯೂ ಇದೇ. ಪಕ್ಕದಲ್ಲೇ ಬೆಳೆದ, ಊರವರು ಗಾಯಕ್ಕೆ ಹಚ್ಚುವ ಟ್ರೈಡ್ಯಾಕ್ಸ್ ಕಿತ್ತು ನೋಡಿ. ಹಾಲಿಲ್ಲ, ಅಂಚಿನ ಕೆನೆಬಣ್ಣದ ಕೆಲವು ಹೂಗಳಿಗೆ ಮೂರೇ ಹಲ್ಲು, ನಡುವೆ ಬರೀ ಹಳದಿ ಕೊಳವೆಗಳು. ಅದರ ಕಾಂಡದ ಬಿರುಸು ರೋಮ ಮಾತ್ರ ಪಾಠಕ್ಕೆ ಬಲು ಒಳ್ಳೆಯದು.

ಏಕೆಂದರೆ ಹಾಕ್‌ವೀಡ್ ಜಾತಿಗಳನ್ನು ಬೇರ್ಪಡಿಸುವವರಿಗೆ ರೋಮವೇ ದೊಡ್ಡ ಆಧಾರ: ಸಾದಾ ಕೂದಲು, ತುದಿಯಲ್ಲಿ ಗ್ರಂಥಿ ಹೊತ್ತದ್ದು, ನಕ್ಷತ್ರದಂತೆ ಕವಲೊಡೆದದ್ದು. ಇಷ್ಟು ಸಣ್ಣ ವ್ಯತ್ಯಾಸ ತಲೆಮಾರುಗಳುದ್ದಕ್ಕೂ ಉಳಿಯುವುದಕ್ಕೆ ಕಾರಣವಿದೆ. ಅನೇಕ ಹಾಕ್‌ವೀಡ್‌ಗಳಲ್ಲಿ ನಿಷೇಚನೆಯಿಲ್ಲದೆ ಬೀಜ ಕಟ್ಟುತ್ತದೆ. ಮರಿಗಿಡ ತಾಯಿಯ ಪಡಿಯಚ್ಚು. ಮೆಂಡೆಲ್ 1869ರಲ್ಲಿ ಇವುಗಳ ಕುರಿತು ಪ್ರಬಂಧ ಮಂಡಿಸಿದಾಗ ಬಟಾಣಿಯ ಲೆಕ್ಕ ಇಲ್ಲಿ ಕೂಡಿಬಂದಿರಲಿಲ್ಲ. ಮಿಶ್ರತಳಿಯ ಸಂತತಿ ಬೇರೆಬೇರೆಯಾಗಿ ಒಡೆಯದೆ ಹಾಗೆಯೇ ಮುಂದುವರಿಯುತ್ತಿತ್ತು. ಕಾರಣ ತಿಳಿದದ್ದು ಅವರು ತೀರಿಕೊಂಡ ಮೇಲೆ. ಪಾಪ, ಪ್ರಯೋಗಕ್ಕೆ ಎಂಥ ಗಿಡ ಸಿಕ್ಕಿತು!

ಕಿತ್ತ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡಲು ಒತ್ತಿ ಒಣಗಿಸುವ ವಿಷಯಕ್ಕೆ ಬಂದರೆ, ಹಳೆಯ ದಿನಪತ್ರಿಕೆ, ಎರಡು ಪ್ಲೈವುಡ್ ಹಲಗೆ, ಮೇಲೆ ಶಹಾಬಾದ್ ಕಲ್ಲು ಸಾಕು. ಕಾಗದವನ್ನು ದಿನಾ ಬದಲಿಸುತ್ತೇನೆ; ನಮ್ಮ ಬೇಸಿಗೆಯ ಒಣ ಗಾಳಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇವೆಲ್ಲ ಸೇರಿದ ಸೂರ್ಯಕಾಂತಿ ಕುಟುಂಬದ ತೊಂದರೆ ಬೇರೆಯೇ: ಒತ್ತಿಟ್ಟ ಮೇಲೂ ಹೂವು ಬಲಿತು, ಬಿಳಿ ಕೂದಲು ಬಿಚ್ಚಿಕೊಂಡು, ಬೀಜ ಉದುರುತ್ತದೆ. ಅದಕ್ಕಾಗಿ ಒತ್ತುವ ಮೊದಲು ಹೂವನ್ನು ಸ್ಪಿರಿಟ್‌ನಲ್ಲಿ ಅದ್ದುತ್ತೇನೆ. ಬಲಿತ ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸುತ್ತೇನೆ.

ಒಣಗಿದ ಗಿಡದಲ್ಲಿ ಬಣ್ಣ ಮಾಸುತ್ತದೆ, ಹಾಲು ಕಾಣುವುದೇ ಇಲ್ಲ. ಅವೆರಡನ್ನೂ ಬದುವಿನ ಮೇಲೆ ನಿಂತೇ ಚೀಟಿಯಲ್ಲಿ ಬರೆಯಿಸುತ್ತೇನೆ. ಹಾಸ್ಟೆಲಿಗೆ ಹೋಗಿ ನೆನಪಿನಿಂದ ಬರೆದ ಚೀಟಿಗೆ ನನ್ನಲ್ಲಿ ಅಂಕವಿಲ್ಲ.