ಮೊದಲ ಖಲೀಫರ ಕಾಲದ ದಂಡಯಾತ್ರೆಗಳ ಇತಿಹಾಸವನ್ನು ಓದುವ ಬಗೆ

ಪ್ರವಾದಿ ಮುಹಮ್ಮದರು 632ರಲ್ಲಿ ನಿಧನರಾದ ಬಳಿಕದ ಮೂವತ್ತು ವರ್ಷಗಳ ಇತಿಹಾಸವನ್ನು ಓದಹೊರಟವರು ಯುದ್ಧಗಳ ವಿವರಗಳಿಗೆ ಇಳಿಯುವ ಮುನ್ನ ನಾಲ್ವರು ಖಲೀಫರ (ಪ್ರವಾದಿಯ ಬಳಿಕ ಮುಸ್ಲಿಮ್ ಸಮುದಾಯವನ್ನು ಆಳಿದ ಉತ್ತರಾಧಿಕಾರಿಗಳ) ಆಳ್ವಿಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು: ಅಬೂಬಕರ್ (632–634), ಉಮರ್ (634–644), ಉಸ್ಮಾನ್ (644–656), ಅಲಿ (656–661). ಅದರ ಮೇಲ್ಗಡೆ, 602ರಿಂದ 628ರವರೆಗೆ ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಮತ್ತು ಸಸಾನಿ ರಾಜವಂಶ ಆಳುತ್ತಿದ್ದ ಪರ್ಷಿಯಾ ಪರಸ್ಪರ ಕಾದಾಡಿ ಬಳಲಿದ್ದನ್ನೂ ಗುರುತಿಸಿಕೊಳ್ಳಿ. ಅದಿಲ್ಲದೆ ಮುಂದಿನ ಗೆಲುವುಗಳ ವೇಗ ಅರ್ಥವಾಗುವುದಿಲ್ಲ. ಓದುತ್ತ ಹೋದಂತೆ ಘಟನೆಗಳನ್ನು ಹಾಳೆಗೆ ಸೇರಿಸಿದರೆ, ಅಬೂಬಕರರ ಕಾಲದ ಬಹುಪಾಲು ಅರೇಬಿಯದೊಳಗಿನ ಬಂಡಾಯಗಳನ್ನು ಅಡಗಿಸುವುದರಲ್ಲೇ ಕಳೆದದ್ದೂ, ಸಿರಿಯ, ಇರಾಕ್, ಈಜಿಪ್ಟ್ ಕೈಸೇರಿದ್ದು ಮುಖ್ಯವಾಗಿ ಉಮರರ ಕಾಲದಲ್ಲೆಂಬುದೂ ಸ್ಪಷ್ಟವಾಗುತ್ತದೆ.

ಆಕರಗಳಲ್ಲಿ ಬರುವ ಹಿಜರಿ ವರ್ಷವನ್ನು (622ರಿಂದ ಎಣಿಸುವ ಇಸ್ಲಾಮಿ ಚಾಂದ್ರಮಾನ ವರ್ಷ) ಕ್ರಿಸ್ತಶಕಕ್ಕೆ ತರಲು ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 15ನೇ ಹಿಜರಿ ಹೀಗೆ ಸುಮಾರು 636 ಆಗುತ್ತದೆ. ಚಾಂದ್ರಮಾನ ವರ್ಷವು ಎರಡು ಕ್ರಿಸ್ತವರ್ಷಗಳಲ್ಲಿ ಹರಡಿಕೊಳ್ಳುವುದರಿಂದ, ತಿಂಗಳು ತಿಳಿಯದಿದ್ದಾಗ ಒಂದು ವರ್ಷದ ವ್ಯತ್ಯಾಸಕ್ಕೆ ಅವಕಾಶವಿಡಬೇಕು.

ನಿಜವಾದ ಕಷ್ಟ ಆಕರಗಳದ್ದು. ನಾವು ಹೆಚ್ಚಾಗಿ ಅವಲಂಬಿಸುವ ಇತಿಹಾಸಕಾರರಾದ ಬಲಾಧುರಿ 892ರಲ್ಲೂ ತಬರಿ 923ರಲ್ಲೂ ತೀರಿಕೊಂಡವರು. ಅಂದರೆ ಘಟನೆಗೂ ಬರಹಕ್ಕೂ ನಡುವೆ ಎರಡು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಆದ್ದರಿಂದ ತಬರಿಯನ್ನು ಓದುವಾಗ ಪ್ರತಿ ವೃತ್ತಾಂತದ ಆರಂಭದಲ್ಲಿರುವ ವರದಿಗಾರರ ಹೆಸರುಗಳನ್ನು ಹಾರಿಸಿ ಮುಂದೆ ಹೋಗಬಾರದು. ಸಿರಿಯಕ್ಕಾಗಿ ಬೈಜಾಂಟೈನರೊಡನೆ ನಡೆದ ಯರ್ಮೂಕ್ ಯುದ್ಧವನ್ನೇ ನೋಡಿ: ವರದಿಗಾರರಲ್ಲಿ ಒಬ್ಬನಾದ ಸೈಫ್ ಇಬ್ನ್ ಉಮರ್ ಅದನ್ನು 13ನೇ ಹಿಜರಿಗೆ ಸೇರಿಸಿ, ರಣರಂಗದಲ್ಲೇ ಅಬೂಬಕರರ ಮರಣವಾರ್ತೆ ಬಂದಿತೆನ್ನುತ್ತಾನೆ, ಇನ್ನೊಬ್ಬ ವರದಿಗಾರ ಇಬ್ನ್ ಇಸ್‌ಹಾಕ್ ಹೇಳುವುದು 15ನೇ ಹಿಜರಿ. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಎರಡನೆಯದನ್ನು, ಅಂದರೆ 636ರ ಆಗಸ್ಟನ್ನು. ಸೈಫನ ನಿರೂಪಣೆ ನಾಟಕೀಯವಾಗಿ ಸೊಗಸಾಗಿದೆ, ಅನುಮಾನಕ್ಕೆ ಅದೂ ಒಂದು ಕಾರಣ. ಶತ್ರುಸೇನೆ ಎರಡು ಲಕ್ಷವಿತ್ತೆಂಬಂಥ ಅಂಕಿಗಳನ್ನು ವಿಜಯದ ಹೊಗಳಿಕೆಯೆಂದೇ ಎಣಿಸಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇಂಥ ವೃತ್ತಾಂತಗಳ ಪಕ್ಕದಲ್ಲಿ ಅದೇ ಕಾಲದ ಕಾಗದಪತ್ರವೊಂದನ್ನಾದರೂ ಇಟ್ಟು ನೋಡುವುದು ಅವಶ್ಯ. ವಿಯೆನ್ನಾದಲ್ಲಿರುವ, ಗ್ರೀಕ್ ಮತ್ತು ಅರಬ್ಬಿಗಳೆರಡರಲ್ಲೂ ಬರೆದ ಪ್ಯಾಪಿರಸ್ (ಜೊಂಡಿನಿಂದ ಮಾಡಿದ ಹಾಳೆ) ರಸೀದಿಯೊಂದು 22ನೇ ಹಿಜರಿಯ ಜುಮಾದಲ್ ಊಲಾ ತಿಂಗಳದ್ದು, ಅಂದರೆ 643ರ ಏಪ್ರಿಲ್‌ನದು. ಉಮರರು ಇನ್ನೂ ಬದುಕಿದ್ದರು. ಸೇನಾನಿ ಅಬ್ದುಲ್ಲಾ ಇಬ್ನ್ ಜಾಬಿರ್ ತನ್ನ ದಂಡಿಗಾಗಿ ಈಜಿಪ್ಟಿನ ಹೆರಾಕ್ಲಿಯೋಪೊಲಿಸ್‌ನಲ್ಲಿ 65 ಕುರಿಗಳನ್ನು ಪಡೆದದ್ದಕ್ಕೆ ಅದು ಸಾಕ್ಷಿ. ಅವುಗಳಲ್ಲಿ ಐವತ್ತು ಕೊಯ್ಯಲೆಂದು ಬೇರೆಯಾಗಿ ಎಣಿಸಿದವು. ಒಟ್ಟು ಕುರಿಗಳನ್ನು ಆ ವರ್ಷದ ತೆರಿಗೆಗೆ ಮುಂಗಡವಾಗಿ ಜಮಾ ಮಾಡಿಕೊಂಡದ್ದನ್ನು ಹಿಂಬದಿಯ ಗ್ರೀಕ್ ಟಿಪ್ಪಣಿ ತಿಳಿಸುತ್ತದೆ. ಇದನ್ನು ಓದುವಾಗ ಕೇಳಬೇಕಾದ್ದು ಗೆದ್ದವರು ಯಾರೆಂಬುದಲ್ಲ, ಲೆಕ್ಕ ಬರೆದವರು ಯಾರೆಂಬುದು: ಹಳೆಯ ಬೈಜಾಂಟೈನ್ ಕಂದಾಯ ವ್ಯವಸ್ಥೆ ಹಾಗೂ ಅದರ ಗ್ರೀಕ್ ಲಿಪಿಕಾರರು ಹೊಸ ದೊರೆಗಳ ಕೈಕೆಳಗೂ ಕೆಲಸ ಮುಂದುವರಿಸಿದ್ದರು.