ಮಿದುಳಿನ ಗಣಿತಕ್ಕೊಂದು ಬೇಸಿಗೆ: ಸಂಶೋಧನಾ ಇಂಟರ್ನ್‌ಶಿಪ್ ಪಡೆಯುವುದು ಹೇಗೆ?

ಬೇಸಿಗೆ ರಜೆಯಲ್ಲಿ ಸಂಶೋಧನಾ ಇಂಟರ್ನ್‌ಶಿಪ್ ಮಾಡಬೇಕೆಂದು ಏಪ್ರಿಲ್‌ನಲ್ಲಿ ಹುಡುಕಾಟ ಶುರುಮಾಡುವ ವಿದ್ಯಾರ್ಥಿಗೆ ಬಹುತೇಕ ಕಡೆ ಅರ್ಜಿಯ ಗಡುವು ಮುಗಿದಿರುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್, ಜರ್ಮನಿಯ ಡಾಡ್ (DAAD) ಸಂಸ್ಥೆಯ ವೈಸ್ (WISE) ಮುಂತಾದ ವಿದೇಶಿ ಇಂಟರ್ನ್‌ಶಿಪ್ ಯೋಜನೆಗಳ ಗಡುವು ಅದೇ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಮುಗಿಯುತ್ತದೆ. ಹಾಗಾಗಿ ದಸರಾ ರಜೆಯ ಹೊತ್ತಿಗೆ ತಯಾರಿ ಆರಂಭವಾಗಬೇಕು. ಮಿದುಳಿನ ಕೆಲಸವನ್ನು ಗಣಿತದ ಮಾದರಿಗಳಿಂದ ವಿವರಿಸುವ ಸೈದ್ಧಾಂತಿಕ ನರವಿಜ್ಞಾನ ಮತ್ತು ದತ್ತಾಂಶದಿಂದ ಕಂಪ್ಯೂಟರ್ ಕಲಿಯುವಂತೆ ಮಾಡುವ ಮಷಿನ್ ಲರ್ನಿಂಗ್ ಸೇರುವ ಕ್ಷೇತ್ರಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಏಕೆಂದರೆ ನಮ್ಮ ಬಿ.ಎಸ್‌ಸಿ. ಮತ್ತು ಬಿ.ಇ. ಪಠ್ಯಕ್ರಮಗಳು ಈ ವಿಷಯವನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಬೇಕಾದ್ದನ್ನು ವಿದ್ಯಾರ್ಥಿಯೇ ಕೂಡಿಸಿಕೊಳ್ಳಬೇಕು.

ದಾರಿಯನ್ನು ಗುರುತಿಸಿಕೊಳ್ಳಿ

ಈ ಎರಡು ಶಾಸ್ತ್ರಗಳ ನಂಟು ಹಳೆಯದು. ನರಕೋಶವನ್ನು ತಾರ್ಕಿಕ ಘಟಕವಾಗಿ ಕಂಡ ಮೆಕಲಾಕ್ ಮತ್ತು ಪಿಟ್ಸ್ ಅವರ ಪ್ರಬಂಧ ಬಂದದ್ದು 1943ರಲ್ಲಿ. ನೆನಪನ್ನು ಜಾಲವೊಂದರ ಸ್ಥಿರ ಸ್ಥಿತಿಯಾಗಿ ವಿವರಿಸುವ ಮಾದರಿಯನ್ನು ಜಾನ್ ಹಾಪ್‌ಫೀಲ್ಡ್ 1982ರಲ್ಲಿ ಪ್ರಕಟಿಸಿದರು. ಕೃತಕ ನರಜಾಲಗಳ ಕುರಿತ ಕೆಲಸಕ್ಕಾಗಿ 2024ರ ಭೌತವಿಜ್ಞಾನ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್ ಅವರಿಗೂ ಸಂದಿತು. ಮಿದುಳಿನ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ವರ್ತನೆಯು ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನ (ಬಹುಮಾನದ ಮೂಲಕ ಕಲಿಯುವ ವಿಧಾನದ) ‘ನಿರೀಕ್ಷೆಯ ತಪ್ಪು’, ಅಂದರೆ ನಿರೀಕ್ಷಿಸಿದ ಮತ್ತು ಸಿಕ್ಕ ಬಹುಮಾನಗಳ ವ್ಯತ್ಯಾಸ, ಎಂಬ ಲೆಕ್ಕಕ್ಕೆ ಹೊಂದುತ್ತದೆ ಎಂದು ಶುಲ್ಟ್ಸ್, ದಯಾನ್ ಮತ್ತು ಮಾಂಟೆಗ್ಯೂ 1997ರಲ್ಲಿ ವಾದಿಸಿದರು.

ಆದರೆ ‘ನನಗೆ ಮಿದುಳು ಮತ್ತು ಎಐ ಎರಡರಲ್ಲೂ ಆಸಕ್ತಿ’ ಎಂಬ ಮಾತಿನಿಂದ ಯಾವ ಪ್ರಯೋಗಾಲಯಕ್ಕೂ ಏನೂ ತಿಳಿಯುವುದಿಲ್ಲ. ಒಂದೊಂದು ಲ್ಯಾಬಿನ ಕೆಲಸ ಒಂದೊಂದು ರೀತಿಯದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಉಪೀಂದರ್ ಭಲ್ಲಾ ಅವರ ಗುಂಪು ಬೆಳೆಸಿದ ‘ಮೂಸ್’ ತಂತ್ರಾಂಶ ನರಕೋಶದ ಒಳಗಿನ ರಾಸಾಯನಿಕ ಕ್ರಿಯೆಗಳನ್ನೂ ವಿದ್ಯುತ್ ಚಟುವಟಿಕೆಯನ್ನೂ ಒಟ್ಟಿಗೆ ಸಿಮ್ಯುಲೇಟ್ ಮಾಡುತ್ತದೆ. ಐಐಎಸ್‌ಸಿಯಲ್ಲಿ ಎಸ್.ಪಿ. ಅರುಣ್ ಅವರ ತಂಡವು ಮನುಷ್ಯರ ದೃಷ್ಟಿಯ ಗುಣಗಳಲ್ಲಿ ಯಾವುವು ಡೀಪ್ ನೆಟ್‌ವರ್ಕ್‌ಗಳಲ್ಲೂ (ಹಲವು ಪದರಗಳ ಕೃತಕ ನರಜಾಲಗಳಲ್ಲೂ) ಕಾಣುತ್ತವೆ, ಯಾವುವು ಕಾಣುವುದಿಲ್ಲ ಎಂದು ಒಂದೊಂದಾಗಿ ಪರೀಕ್ಷಿಸಿ 2021ರಲ್ಲಿ ಪ್ರಬಂಧ ಪ್ರಕಟಿಸಿತು. ಐಐಟಿ ಮದ್ರಾಸ್‌ನಲ್ಲಿ ಶ್ರೀನಿವಾಸ ಚಕ್ರವರ್ತಿ ಅವರ ಗುಂಪು ಚಲನೆ ಮತ್ತು ಕಲಿಕೆಯಲ್ಲಿ ಪಾತ್ರವಿರುವ ಮಿದುಳಿನ ಭಾಗವಾದ ಬೇಸಲ್ ಗ್ಯಾಂಗ್ಲಿಯಾದ ಗಣಿತೀಯ ಮಾದರಿಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಮೊದಲನೆಯದಕ್ಕೆ ಅವಕಲ ಸಮೀಕರಣಗಳ ಹಿಡಿತ ಬೇಕು, ಎರಡನೆಯದಕ್ಕೆ ನರಜಾಲಗಳನ್ನು ಕಟ್ಟುವ ತಂತ್ರಾಂಶ ಪೈಟಾರ್ಚ್‌ನ ಜೊತೆಗೆ ಪ್ರಯೋಗ ರೂಪಿಸುವ ಶಿಸ್ತು ಬೇಕು. ನಿಮಗೆ ಯಾವ ಪ್ರಶ್ನೆ ಮುಖ್ಯವೆನಿಸುತ್ತದೆ ಎಂಬುದು ಮೊದಲು ನಿಮಗೇ ಸ್ಪಷ್ಟವಾಗಲಿ.

ಜೀವಶಾಸ್ತ್ರ ಓದಿಲ್ಲವೆಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಿಂಜರಿಯುವುದುಂಟು. ಈ ಅಳುಕು ಅನಗತ್ಯ. ಬೇಕಾದ ಜೀವಶಾಸ್ತ್ರವನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ಎರಡು ತಿಂಗಳಲ್ಲಿ ಕಲಿಯಲಾಗದ್ದು ಗಣಿತ. ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳು, ಸಂಭವನೀಯತೆ, ಮೊದಲ ದರ್ಜೆಯ ಅವಕಲ ಸಮೀಕರಣ, ಪೈಥಾನ್‌ನಲ್ಲಿ ಸಂಖ್ಯಾ ಲೆಕ್ಕಗಳಿಗಿರುವ ನಮ್‌ಪೈ: ಇಷ್ಟನ್ನು ನೋಟ್ಸ್ ನೋಡದೆ ಬಳಸುವಂತಿದ್ದರೆ ಆರಂಭಕ್ಕೆ ಸಾಕು.

ಕೈಯಲ್ಲೊಂದು ಕೆಲಸವಿರಲಿ

ನನ್ನ ದೃಷ್ಟಿಯಲ್ಲಿ ಇಡೀ ತಯಾರಿಯಲ್ಲಿ ಹೆಚ್ಚು ಸಮಯ ಬೇಡುವ, ಹೆಚ್ಚು ಫಲ ಕೊಡುವ ಹಂತ ಇದೇ. ಆನ್‌ಲೈನ್ ಕೋರ್ಸ್‌ಗಳ ಹತ್ತು ಪ್ರಮಾಣಪತ್ರಗಳಿಗಿಂತ, ನೀವೇ ಬರೆದು, ನೀವೇ ಸರಿಯೆಂದು ಖಾತ್ರಿಪಡಿಸಿಕೊಂಡ ಒಂದು ಸಣ್ಣ ಸಿಮ್ಯುಲೇಷನ್ ಮೇಲು.

‘ಲೀಕಿ ಇಂಟಿಗ್ರೇಟ್ ಅಂಡ್ ಫೈರ್’ ಎಂಬ ನರಕೋಶ ಮಾದರಿಯಿಂದ ಆರಂಭಿಸಬಹುದು. ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ, ಒಳಬರುವ ವಿದ್ಯುತ್ತಿನಿಂದ ಕೋಶದ ವೋಲ್ಟೇಜ್ ಏರುತ್ತದೆ, ಜೊತೆಜೊತೆಗೇ ಸೋರುತ್ತದೆ. ಮಿತಿ ಮುಟ್ಟಿದಾಗ ಒಂದು ಸ್ಪೈಕ್ (ಕ್ಷಣಿಕ ವಿದ್ಯುತ್ ಮಿಡಿತ) ಹೊಮ್ಮಿ ವೋಲ್ಟೇಜ್ ಮೊದಲಿನ ಮಟ್ಟಕ್ಕೆ ಮರಳುತ್ತದೆ. ವಿಶ್ರಾಂತ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್, ಮಿತಿ ಮೈನಸ್ 55, ರೋಧ 100 ಮೆಗಾಓಮ್, ಸೋರಿಕೆಯ ವೇಗ ಹೇಳುವ ಕಾಲಸ್ಥಿರಾಂಕ 20 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ವಿದ್ಯುತ್ 150 ಪಿಕೋಆಂಪಿಯರ್ ದಾಟುವವರೆಗೆ ಈ ಕೋಶ ಒಂದು ಸ್ಪೈಕನ್ನೂ ಕೊಡುವುದಿಲ್ಲ. 200 ಕೊಟ್ಟರೆ ಸೆಕೆಂಡಿಗೆ ಸುಮಾರು 36 ಸ್ಪೈಕ್, 300 ಕೊಟ್ಟರೆ ಸುಮಾರು 72. ಈ ಸಂಖ್ಯೆಗಳು ಲಾಗರಿದಮ್ ಇರುವ ಒಂದು ಸಾಲಿನ ಸೂತ್ರದಿಂದಲೂ ಬರುತ್ತವೆ, ಆದ್ದರಿಂದ ನಿಮ್ಮ ಪ್ರೋಗ್ರಾಮ್ ಸರಿಯಿದೆಯೇ ಎಂದು ಯಾರನ್ನೂ ಕೇಳದೆ ತಾಳೆ ನೋಡಬಹುದು. ಈಗ ಲೆಕ್ಕದ ಹಂತವನ್ನು, ಅಂದರೆ ಎಷ್ಟು ಹೊತ್ತಿಗೊಮ್ಮೆ ವೋಲ್ಟೇಜ್ ಲೆಕ್ಕಹಾಕುತ್ತೀರಿ ಎಂಬುದನ್ನು, 0.1 ಮಿಲಿಸೆಕೆಂಡ್‌ನಿಂದ 5 ಮಿಲಿಸೆಕೆಂಡ್‌ಗೆ ಹಿಗ್ಗಿಸಿ. ಅವಕಲ ಸಮೀಕರಣವನ್ನು ಹಂತಹಂತವಾಗಿ ಬಿಡಿಸುವ ಸಾಮಾನ್ಯ ಆಯ್ಲರ್ ವಿಧಾನದಲ್ಲಿ 36 ಇದ್ದದ್ದು 40ಕ್ಕೆ ಏರುತ್ತದೆ, 72 ಇದ್ದದ್ದು 67ರ ಆಸುಪಾಸಿಗೆ ಇಳಿಯುತ್ತದೆ. ಒಂದು ಏರಿ ಇನ್ನೊಂದು ಇಳಿದದ್ದೇಕೆ ಎಂಬುದನ್ನು ಅರ್ಧ ಪುಟದಲ್ಲಿ ವಿವರಿಸಬಲ್ಲ ವಿದ್ಯಾರ್ಥಿಯನ್ನು ಸಂದರ್ಶನದಲ್ಲಿ ಹೆಚ್ಚು ಪ್ರಶ್ನಿಸುವ ಅಗತ್ಯ ಬೀಳುವುದಿಲ್ಲ.

ದತ್ತಾಂಶ ವಿಶ್ಲೇಷಣೆಯತ್ತ ಒಲವಿರುವವರಿಗೆ ಮುಕ್ತವಾಗಿ ದೊರೆಯುವ ದಾಖಲೆಗಳಿವೆ. ಸ್ಟೈನ್‌ಮೆಟ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ದತ್ತಾಂಶದಲ್ಲಿ 10 ಇಲಿಗಳ ಮಿದುಳಿನ 42 ಭಾಗಗಳಿಂದ ದಾಖಲಿಸಿದ ಸುಮಾರು 30,000 ನರಕೋಶಗಳ ಚಟುವಟಿಕೆಯಿದೆ. ಆ ಪ್ರಯೋಗದಲ್ಲಿ ಚಿತ್ರ ನೋಡಿ ಇಲಿ ಚಕ್ರವನ್ನು ಎಡಕ್ಕೆ ತಿರುಗಿಸುವುದೋ ಬಲಕ್ಕೋ ಎಂಬುದನ್ನು ಸ್ಪೈಕ್‌ಗಳಿಂದ ಊಹಿಸುವ ಲಾಜಿಸ್ಟಿಕ್ ರಿಗ್ರೆಶನ್ (ಎರಡರಲ್ಲಿ ಒಂದನ್ನು ಊಹಿಸುವ ಸರಳ ಸಂಖ್ಯಾಶಾಸ್ತ್ರೀಯ ವಿಧಾನ) ಒಳ್ಳೆಯ ಮೊದಲ ಅಭ್ಯಾಸ. 2020ರಲ್ಲಿ ಆರಂಭವಾದ ಆನ್‌ಲೈನ್ ಬೇಸಿಗೆ ಶಾಲೆ ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳು ಇಂಥ ದತ್ತಾಂಶವನ್ನೇ ಬಳಸುತ್ತವೆ. ಶುಲ್ಕ ಕಟ್ಟಿ ತರಗತಿಗೆ ಸೇರದವರಿಗೂ ಪಾಠಗಳು ಉಚಿತವಾಗಿ ಲಭ್ಯ.

ಪತ್ರ ಮತ್ತು ಅರ್ಜಿ

ಅಕಾಡೆಮಿಗಳ ಫೆಲೋಶಿಪ್‌ಗೆ ಆನ್‌ಲೈನ್ ಅರ್ಜಿ, ಕಲಿಯಲು ಬಯಸುವ ವಿಷಯದ ಸಣ್ಣ ಬರಹ, ನಿಮ್ಮನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಆಯ್ಕೆಯಾದವರಿಗೆ ಭತ್ಯೆಯೂ ರೈಲು ಪ್ರಯಾಣದ ವೆಚ್ಚವೂ ಸಿಗುತ್ತವೆ. ಮೊತ್ತ, ಅರ್ಹತೆ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಶಿಫಾರಸು ಪತ್ರವನ್ನು ಗಡುವಿಗೆ ಮೂರು ವಾರ ಮೊದಲೇ ಕೇಳಿ, ನಿಮ್ಮ ಸಿಮ್ಯುಲೇಷನ್‌ನ ವಿವರವನ್ನೂ ಕೊಡಿ. ‘ವಿದ್ಯಾರ್ಥಿಯು ಶ್ರಮಜೀವಿ, ಸದ್ಗುಣಿ’ ಎಂಬ ಸಿದ್ಧ ಒಕ್ಕಣೆಯಿಂದ ಯಾರಿಗೂ ಉಪಯೋಗವಿಲ್ಲ.

ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವುದಾದರೆ ಇಮೇಲ್ ಹದಿನೈದು ಸಾಲು ಮೀರದಿರಲಿ. ಮೊದಲ ಎರಡು ಸಾಲಿನಲ್ಲಿ ನೀವು ಯಾರು, ಯಾವ ದಿನಾಂಕದಿಂದ ಎಷ್ಟು ವಾರ ಬರಬಲ್ಲಿರಿ ಎಂಬುದಿರಲಿ. ಆಮೇಲೆ ಅವರ ಒಂದು ಪ್ರಬಂಧದ ಒಂದು ಚಿತ್ರವನ್ನು ಹೆಸರಿಸಿ, ಅದರ ಬಗ್ಗೆ ನಿಮಗಿರುವ ನಿಜವಾದ ಪ್ರಶ್ನೆಯನ್ನು ಕೇಳಿ: ‘ಮೂರನೇ ಚಿತ್ರದಲ್ಲಿ ಗದ್ದಲ ಹೆಚ್ಚಿದಂತೆ ಜಾಲದ ನೆನಪು ಒಮ್ಮೆಲೇ ಕುಸಿಯುತ್ತದೆ, ನರಕೋಶಗಳ ಸಂಖ್ಯೆ ಹೆಚ್ಚಿಸಿದರೂ ಹೀಗೆಯೇ ಆಗುತ್ತದೆಯೇ?’ ಎಂಬಂಥ ಪ್ರಶ್ನೆ. ಕೊನೆಯಲ್ಲಿ ನಿಮ್ಮ ಕೋಡ್‌ನ ಲಿಂಕ್. ‘ರೆಸ್ಪೆಕ್ಟೆಡ್ ಸರ್ ಆರ್ ಮೇಡಮ್’ ಎಂದು ಶುರುವಾಗುವ ಒಂದೇ ಪತ್ರವನ್ನು ಐವತ್ತು ಮಂದಿಗೆ ಕಳಿಸುವವರು ಇಂದಿಗೂ ಇದ್ದಾರೆ. ಆ ಪತ್ರ ಯಾರಿಗೆ ಬರೆದದ್ದೂ ಅಲ್ಲವೆಂದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ, ಅಲ್ಲಿಗೆ ಬಿಡಿ.

ಒಂದು ಎಚ್ಚರಿಕೆ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಹಣ ಪಡೆದು ‘ಎಐ ಸಂಶೋಧನಾ ಇಂಟರ್ನ್‌ಶಿಪ್’ ಪ್ರಮಾಣಪತ್ರ ಕೊಡುವ ಅಂಗಡಿಗಳು ಹುಟ್ಟಿಕೊಂಡಿವೆ. ಮಾರ್ಗದರ್ಶಕರ ಹೆಸರು, ಅವರ ಪ್ರಕಟಿತ ಕೆಲಸ ಎರಡೂ ಸಿಗದ ಕಡೆ ದುಡ್ಡು ಕಟ್ಟಬೇಡಿ.

ನಮ್ಮ ಹಲವು ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈವರೆಗೂ ಎಳೆಯುವುದರಿಂದ ಲ್ಯಾಬಿಗೆ ಸೇರುವ ದಿನಾಂಕವನ್ನು ಮೊದಲೇ ಮಾತಾಡಿಕೊಳ್ಳಬೇಕು. ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಗುರುತಿನ ಚೀಟಿ ಸಿದ್ಧವಿರಲಿ. ಹಾಸ್ಟೆಲ್ ಸಿಗುವುದೇ ಎಂದೂ ಕೇಳಿ. ಬೆಂಗಳೂರಿನಲ್ಲಿ ಎರಡು ತಿಂಗಳ ಪಿಜಿ ಬಾಡಿಗೆಗೇ ಭತ್ಯೆಯ ದೊಡ್ಡ ಪಾಲು ಹೋಗಬಹುದು.

ಸೇರಿದ ಮೇಲೆ

ಮೊದಲ ವಾರದಲ್ಲಿ ಹೊಸದೇನನ್ನೂ ಕಂಡುಹಿಡಿಯಲು ಹೊರಡಬೇಡಿ. ಲ್ಯಾಬಿನ ಹಳೆಯ ಪ್ರಬಂಧವೊಂದರ ಒಂದು ಚಿತ್ರವನ್ನು ಅವರದೇ ಕೋಡ್‌ನಿಂದ ಮತ್ತೆ ಮೂಡಿಸಿ. ಅಷ್ಟರಲ್ಲಿ ಯಾರನ್ನು ಯಾವುದಕ್ಕೆ ಕೇಳಬೇಕು ಎಂಬುದೂ ತಿಳಿದಿರುತ್ತದೆ. ಅರ್ಧ ದಿನ ಒಂದೇ ದೋಷದಲ್ಲಿ ಸಿಕ್ಕಿಕೊಂಡರೆ ಪಿಎಚ್‌.ಡಿ. ವಿದ್ಯಾರ್ಥಿಯೊಬ್ಬರನ್ನು ಕೇಳಿಬಿಡಿ, ಸಂಕೋಚ ಬೇಡ. ಓಡಿಸಿದ ಪ್ರತಿ ಸಿಮ್ಯುಲೇಷನ್‌ಗೂ ದಿನಾಂಕ, ಬಳಸಿದ ಮೌಲ್ಯಗಳು ಮತ್ತು ರ‍್ಯಾಂಡಮ್ ಸೀಡ್ (ಅದೇ ಯಾದೃಚ್ಛಿಕ ಸಂಖ್ಯೆಗಳು ಮತ್ತೆ ಬರುವಂತೆ ಮಾಡುವ ಆರಂಭಿಕ ಸಂಖ್ಯೆ) ಬರೆದಿಡಿ. ಕೊನೆಯ ವಾರದಲ್ಲಿ ಫಲಿತಾಂಶಕ್ಕಾಗಿ ಪರದಾಡುವ ಬದಲು ಕೋಡ್ ಅನ್ನು ಒಪ್ಪ ಮಾಡಿ, ಹೇಗೆ ಓಡಿಸಬೇಕೆಂಬ ಟಿಪ್ಪಣಿ ಸೇರಿಸಿ, ನಾಲ್ಕು ಪುಟದ ವರದಿಯೊಂದಿಗೆ ಒಪ್ಪಿಸಿ. ಮುಂದಿನ ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ ಬೇಕಿದ್ದರೆ ಹೊರಡುವ ಮುನ್ನವೇ ಮಾರ್ಗದರ್ಶಕರ ಬಳಿ ಆ ಮಾತು ಎತ್ತುವುದು ಒಳ್ಳೆಯದು. ಒಂದು ವರ್ಷ ಬಿಟ್ಟು ಕೇಳಿದರೆ ನಿಮ್ಮ ಕೆಲಸದ ವಿವರಗಳು ಅವರ ನೆನಪಿನಲ್ಲಿ ಉಳಿದಿರುವುದು ಕಷ್ಟ.